ಆಯಿ ಹಾಡದೆ ಬಿಟ್ಟ ಎಮ್ಮೆ

ಹೋದ ತಿಂಗಳು ಧಾರವಾಡದಿಂದ ಊರಿಗೆ ಹೊರಟವಳು ಕಿತ್ತೂರಿನಲ್ಲಿ ಬಸ್ಸು ಬದಲಿಸಲು ಇಳಿದಿದ್ದೆ. ಬೈಲಹೊಂಗಲದ ಬಸ್ಸು ಇನ್ನೂ ಬಂದಿರಲಿಲ್ಲ. ಚಹಾದಂಗಡಿಯ ಪಕ್ಕದ ಖಾಲಿ ಜಾಗದಿಂದ ಒಂದು ವಾಸನೆ ಬಂತು. ಮೊದಲು ಸುಡುವ ಕಾಗದ, ಅದರ ಹಿಂದೆಯೇ ಬಿಸಿಯಾಗುತ್ತಿರುವ ಚರ್ಮ. ಯಾರೋ ದಪ್ಪು ಕಾಸುತ್ತಿದ್ದರು. ಕೈಯಲ್ಲಿ ಹಿಡಿದು ಬಾರಿಸುವ ಆ ವಾದ್ಯದ ಚರ್ಮ ತಂಪಿಗೆ ಸಡಿಲಾಗಿ ದನಿ ಮಂಕಾಗುತ್ತದೆ. ಹಾಡುವ ಮೊದಲು ಬೆಂಕಿಗೆ ಹಿಡಿದು ಬಿಗಿ ಮಾಡಿಕೊಳ್ಳಬೇಕು. ವಾಸನೆಯಿಂದ ನೆನಪು ಬರುತ್ತದೆ ಎಂದು ಯಾರಾದರೂ ಕಣ್ಣು ತೇವ ಮಾಡಿಕೊಂಡು ಹೇಳಿದರೆ ಆಧಾರ ಕೇಳುವವರ ಪೈಕಿ ನಾನು. ಆದರೂ ಅವತ್ತು ಕೈಯಲ್ಲಿದ್ದ ಚಹಾ ಆರುವವರೆಗೆ ಕುಡಿಯದೆ ನಿಂತೆ. ನಮ್ಮ ಎದುರುಮನೆಯ ಆಯಿ ಕಣ್ಣ ಮುಂದೆ ಬಂದು ಕುಳಿತಿದ್ದಳು...

ಓಣಿಯವರಿಗೆ ಅವಳು ಹಾಡಿಕಿ ಆಯಿ. ನನಗೆ ಬರೀ ಆಯಿ, ಅಂದರೆ ಅಜ್ಜಿ. ರಕ್ತ ಸಂಬಂಧವೇನೂ ಇರಲಿಲ್ಲ. ಅವಳ ಕಟ್ಟೆಗೂ ನಮ್ಮ ಹೊಸ್ತಿಲಿಗೂ ನಡುವೆ ಒಂದು ಗಟಾರ ಇತ್ತು, ಅಷ್ಟೇ. ಆಯಿ ಒಂದು ನಾಗೇಶಿ ಮೇಳದ ಮುಂದಾಳು. ನಮ್ಮ ಕಡೆಯ ಹಾಡಿಕೆಯಲ್ಲಿ ಎರಡು ಮೇಳಗಳು ಎದುರುಬದುರು ನಿಲ್ಲುತ್ತವೆ. ಹರದೇಶಿಯವರು ಶಿವ ದೊಡ್ಡವ, ಆದ್ದರಿಂದ ಗಂಡು ಹೆಚ್ಚು ಎಂದು ಹಾಡುತ್ತಾರೆ. ನಾಗೇಶಿಯವರು ಶಕ್ತಿ ದೊಡ್ಡವಳು, ಆದ್ದರಿಂದ ಹೆಣ್ಣು ಹೆಚ್ಚು ಎನ್ನುತ್ತಾರೆ. ಒಬ್ಬರು ಪದದಲ್ಲಿ ಪ್ರಶ್ನೆ ಹಾಕಿದರೆ ಇನ್ನೊಬ್ಬರು ಪದದಲ್ಲೇ ಉತ್ತರ ಕೊಡಬೇಕು. ಉತ್ತರ ಬಾರದಿದ್ದರೆ ಜನ ನಗುತ್ತಾರೆ. ಬಂದರೂ ಎದುರಿನವರು ಒಪ್ಪುವುದಿಲ್ಲ, ಇನ್ನೊಂದು ಪ್ರಶ್ನೆ ಎಸೆಯುತ್ತಾರೆ. ಸೋತೆ ಎಂದು ಯಾರೂ ಹೇಳಿದ್ದಿಲ್ಲ. ಜನ ಎದ್ದು ಮನೆಗೆ ಹೋದಾಗ ಹಾಡಿಕೆ ಮುಗಿಯುತ್ತದೆ.

ನನಗೆ ವಾದ ಮಾಡುವುದನ್ನು ಕಲಿಸಿದ್ದು ಕಾಲೇಜು ಎಂದು ನನ್ನ ಪ್ರಮಾಣಪತ್ರಗಳು ಹೇಳುತ್ತವೆ. ಅದು ಅರ್ಧ ಸತ್ಯ. ಉಳಿದರ್ಧ ಆ ಕಟ್ಟೆಯ ಮೇಲೆ ನಡೆಯಿತು. "ಉತ್ತರ ಇಲ್ಲಂದ್ರ ಬಾಯಿ ಮುಚ್ಚಿ ನಿಂದ್ರಬ್ಯಾಡ. ತಿರಗಿ ಕೇಳು. ಕೇಳಾಕಿ ಯಾವತ್ತೂ ಸೋಲಂಗಿಲ್ಲ," ಎನ್ನುತ್ತಿದ್ದಳು ಆಯಿ. ಕಾಲೇಜಿನ ಚರ್ಚಾಕೂಟದ ಗುರುಗಳು ಅದನ್ನೇ ಇನ್ನಷ್ಟು ನಯವಾಗಿ ಹೇಳಿಕೊಟ್ಟರು: ಎದುರಾಳಿಯ ಮಾತು ಒಪ್ಪಲೇಬೇಕಾಗಿ ಬಂದರೆ ಅದರ ಬಾಲಕ್ಕೆ ಒಂದು 'ಆದರೆ' ಕಟ್ಟಿ ಒಪ್ಪು. ನಾನು ಎರಡನ್ನೂ ಚೆನ್ನಾಗಿ ಕಲಿತೆ. ಮನೆಯಲ್ಲಿ ನನ್ನೊಂದಿಗೆ ಮಾತಾಡಲು ಜನ ಬೇಸರಪಡುವಷ್ಟು ಚೆನ್ನಾಗಿ.

ಆಯಿಗೆ ಮಾತ್ರ ಬೇಸರವಿರಲಿಲ್ಲ. ಒಮ್ಮೆ ಗ್ರಹಣದ ಹೊತ್ತಿಗೆ ನಾನು ಬೇಕೆಂದೇ ಅವಳ ಕಟ್ಟೆಯ ಮೇಲೆ ಕುಳಿತು ಶೇಂಗಾ ತಿಂದೆ. ಅವಳು ಒಳಗಿನಿಂದಲೇ, "ತಿನ್ನು ತಿನ್ನು. ನಾಳಿ ಹೊಟ್ಟಿ ನೋಯ್ತಂದ್ರ ನಮ್ಮ ಮನಿಗೆ ಬರಬ್ಯಾಡ, ಸೂರ್ಯನ ಮನಿಗೆ ಹೋಗು," ಎಂದಳು. ಮರುದಿನ ಬೆಳಿಗ್ಗೆ ಹೊಟ್ಟೆ ಬಡಿದು ತೋರಿಸಲು ಹೋದೆ. ಅವಳು ಒಂದು ಚಿಟಿಕೆ ತಪಕೀರು, ಅದೇ ನಶ್ಯದ ಪುಡಿ, ಹಲ್ಲಿಗೆ ತಿಕ್ಕುತ್ತ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನಿನ್ನ ಹೊಟ್ಟಿಗೆ ಗ್ರಹಣಾನ ಅಂಜತೈತಿ, ಅದರಾಗ ನಿಂದೇನು ದೊಡ್ಡಸ್ತನ," ಎಂದುಬಿಟ್ಟಳು. ಇಂಥವಳನ್ನು ಒಂದು ಮಾತಿಗಾದರೂ ಒಪ್ಪಿಸಬೇಕೆಂಬುದು ನನ್ನ ಆ ದಿನಗಳ ಹಟ. ಒಪ್ಪಿಸಲು ಆಗಲಿಲ್ಲ. ನಾನೂ ಒಪ್ಪಲಿಲ್ಲ. ದಿನವೂ ಹೋಗುತ್ತಿದ್ದೆ.

ಆಯಿಯ ಮೇಳಕ್ಕೆ ಹೆಸರು ತಂದದ್ದು ಒಂದು ಪ್ರಶ್ನೆ. ಅದನ್ನು ಅವಳೇ ಕಟ್ಟಿದ್ದಳು.

ಹೆಣ್ಣಿನ ಕೈ ಹತ್ತಲಾರದ ಮನಿ ಒಂದ ತೋರಸೋ,
ಆ ಮನ್ಯಾಗ ಕೂಸು ನಕ್ಕದ್ದು ತೋರಸೋ.

ಹೆಣ್ಣಿನ ಕೈ ತಾಗದ ಮನೆ ಎಲ್ಲಿದೆ ಎಂಬ ಈ ಪ್ರಶ್ನೆಗೆ ಹರದೇಶಿಯ ಘಟಾನುಘಟಿಗಳು ಏನೇನೋ ಉತ್ತರ ತಂದರು. ಒಬ್ಬ ಮಠ ತೋರಿಸಿದ. ದಾಸೋಹದ ರೊಟ್ಟಿ ಬಡಿದವರು ಯಾರು ಎಂದು ಆಯಿ ಕೇಳಿದಳು. ಇನ್ನೊಬ್ಬ ದಂಡು ತೋರಿಸಿದ. ಕಿತ್ತೂರಿನಲ್ಲಿ ದಂಡಿನ ಮುಂದೆ ಕತ್ತಿ ಹಿಡಿದವರು ಯಾರು ಎಂದು ಕೇಳಿದಳು. ಆಮೇಲೆ, "ಅದಿರಲಿ, ದಂಡಿನ್ಯಾಗ ಕೂಸು ಎಲ್ಲಿ ನಕ್ಕಿತೋ," ಎಂದು ಸೇರಿಸಿದಳು. ಆ ಪ್ರಶ್ನೆ ಕೇಳಬೇಕೆಂದೇ ಊರೂರಿನವರು ಎಲೆ-ಅಡಿಕೆ ಹಿಡಿದು ಮೇಳವನ್ನು ಕರೆಯಲು ಬರುತ್ತಿದ್ದರು. ನಾನೂ ಅದನ್ನು ಪುಸ್ತಕದ ಭಾಷೆಗೆ ತಿರುಗಿಸಿ ಒಂದು ಚರ್ಚಾಸ್ಪರ್ಧೆಯಲ್ಲಿ ಗೆದ್ದೆ. ಬಹುಮಾನವಾಗಿ ಬಂದ ಸ್ಟೀಲ್ ಡಬ್ಬಿಯನ್ನು ಆಯಿಗೆ ಕೊಟ್ಟೆ. ಅವಳು ಅದರಲ್ಲಿ ತಪಕೀರು ತುಂಬಿದಳು.

ಹೂಲಿಯಲ್ಲಿ ಶ್ರಾವಣದ ಒಂದು ಸೋಮವಾರ ಮಧ್ಯಾಹ್ನ ಹಾಡಿಕೆ ಇತ್ತು. ಕಾಲೇಜು ತಪ್ಪಿಸಿ ಮೇಳದ ಟೆಂಪೋದಲ್ಲೇ ನಾನೂ ಹೋದೆ. ಹಳೆಯ ಗುಡಿಯ ಕಲ್ಲು ಜಗಲಿಯ ಮೇಲೆ ಆಯಿ ದಪ್ಪು ಹಿಡಿದು ಮುಂದೆ ನಿಂತಿದ್ದಳು. ಅವಳ ಸೊಸೆ ತಾಳ ಹಿಡಿದು ಹಿಂದೆ ನಿಂತಿದ್ದರು. ಅವರನ್ನು ನಾನು ವೈನಿ ಎನ್ನುತ್ತಿದ್ದೆ. ಎದುರಿಗೆ ರಾಮದುರ್ಗದ ಕಡೆಯ ಹರದೇಶಿ ಮೇಳ. ಅದರ ಮುಂದಾಳು ಹೊಸಬ, ನನಗಿಂತ ನಾಲ್ಕೈದು ವರ್ಷ ದೊಡ್ಡವನಿರಬಹುದು.

"ಏನೋ ತಮ್ಮಾ, ಹರದೇಶ್ಯಾಗ ಗಂಡಸರು ತೀರಿದ್ರೇನು, ನಿನ್ನ ಕಳಿಸ್ಯಾರ?" ಎಂದು ಆಯಿ ಶುರು ಮಾಡಿದಳು.

"ದೊಡ್ಡವರೆಲ್ಲಾ ನಿಮಗ ಅಂಜಿ ಮನ್ಯಾಗ ಕುಂತಾರ್ರಿ ಆಯಿ," ಎಂದ ಅವನು. ಜನ ಅವನಿಗೂ ನಕ್ಕರು.

ಆಯಿ ತನ್ನ ಪ್ರಶ್ನೆ ಹಾಕಿದಳು. ಅವನು ಮಠಕ್ಕೂ ಹೋಗಲಿಲ್ಲ, ದಂಡಿಗೂ ಹೋಗಲಿಲ್ಲ. ದಪ್ಪಿನ ಬಡಿತ ಇಳಿಸಿ ತನ್ನ ಮನೆಯನ್ನೇ ಹಾಡಿದ. ತಾನು ಹುಟ್ಟಿದ ದಿನವೇ ತಾಯಿ ತೀರಿದಳು. ಮನೆಯಲ್ಲಿ ಅಜ್ಜಿ ಇಲ್ಲ, ಅತ್ತೆ ಇಲ್ಲ. ಅಪ್ಪ ಮತ್ತೆ ಮದುವೆಯಾಗಲಿಲ್ಲ. ಧೋತರದಲ್ಲಿ ಜೋಳಿಗೆ ಕಟ್ಟಿ ಕೂಸನ್ನು ಬೆನ್ನಿಗೆ ಹಾಕಿಕೊಂಡು ಕುಂಟೆ ಹೊಡೆದ. ಎಣ್ಣೆ ಹಚ್ಚಿ ಎರೆದ. ರೊಟ್ಟಿ ಬಡಿಯಲು ಕಲಿತ. ಜೋಗುಳ ಬರುತ್ತಿರಲಿಲ್ಲ, ಬಾಯಿಗೆ ಬರುತ್ತಿದ್ದ ಭಜನೆಯ ಪದವನ್ನೇ ಮೆತ್ತಗೆ ಹಾಡಿ ಮಲಗಿಸಿದ. ಇಷ್ಟು ಹಾಡಿ ಕೊನೆಗೆ ಆಯಿಯತ್ತ ತಿರುಗಿ, "ನಾ ನಕ್ಕೇನವ್ವಾ, ಆ ಮನ್ಯಾಗ ನಾ ನಕ್ಕೇನಿ," ಎಂದು ದನಿ ಎತ್ತಿ ನಿಲ್ಲಿಸಿದ.

ಅವನ ಮೇಳದವರೆಲ್ಲ ಒಮ್ಮೆಲೇ ಒಂದು ಕಂಬದ ಕಡೆ ನೋಡಿದರು. ಅಲ್ಲಿ ಮೇಳದ ಚೀಲ, ಚಪ್ಪಲಿ ಕಾಯುತ್ತ ರುಮಾಲಿನ ಒಬ್ಬ ತೆಳ್ಳಗಿನ ಮನುಷ್ಯ ಕುಳಿತಿದ್ದ. ಎಲ್ಲರೂ ನೋಡಿದ್ದಕ್ಕೆ ನಾಚಿಕೊಂಡು ಚಪ್ಪಲಿಗಳನ್ನು ಜೋಡಿ ಮಾಡತೊಡಗಿದ.

ನನ್ನ ತಲೆ ಆಗಲೇ ಓಡುತ್ತಿತ್ತು. ತಪ್ಪಿಸಿಕೊಳ್ಳಲು ದಾರಿಗಳಿದ್ದವು. ಹೆರಿಗೆ ಮಾಡಿಸಿದ ಸೂಲಗಿತ್ತಿ ಹೆಣ್ಣಲ್ಲವೇ? ಅಪ್ಪ ಊರಿಗೆ ಹೋದಾಗ ಕೂಸನ್ನು ನೋಡಿಕೊಂಡ ಓಣಿಯ ಹೆಂಗಸರು ಇರಲಿಲ್ಲವೇ? ಎಲ್ಲಕ್ಕಿಂತ ದೊಡ್ಡದು ಎಮ್ಮೆ. ತಾಯಿ ಇಲ್ಲದ ಕೂಸು ಯಾರ ಹಾಲು ಕುಡಿದು ಬದುಕಿತು? ಎಮ್ಮೆ ಹೆಣ್ಣಲ್ಲವೇ? ಈ ಒಂದು ಪ್ರಶ್ನೆ ಹಾಕಿದ್ದರೆ ಜಗಲಿಯೇ ನಗುತ್ತಿತ್ತು, ಆ ಹುಡುಗನ ಹಾಡು ಆ ನಗೆಯಲ್ಲಿ ಕೊಚ್ಚಿ ಹೋಗುತ್ತಿತ್ತು. ಮುಂದೆ ಕುಳಿತಿದ್ದ ಒಬ್ಬ ಮುದುಕ ಆಗಲೇ ಬಾಯಿ ಅಗಲಿಸಿಕೊಂಡು, "ಎಮ್ಮಿ ಬರತೈತಿ ನೋಡ್ರಿ ಈಗ," ಎಂದು ಪಕ್ಕದವನಿಗೆ ಹೇಳುತ್ತಿದ್ದ.

ಆಯಿ ದಪ್ಪು ಎತ್ತಲಿಲ್ಲ. ಅದನ್ನು ಎದೆಗೆ ಒರಗಿಸಿಕೊಂಡು ಕಂಬದ ಕಡೆಗೊಮ್ಮೆ, ಹುಡುಗನ ಕಡೆಗೊಮ್ಮೆ ನೋಡಿದಳು. ಹಾಡದೆ, ಬರೀ ಮಾತಿನಲ್ಲಿ ಹೇಳಿದಳು: "ಖರೆ ಐತಿ, ತಮ್ಮಾ. ನಿಮ್ಮಪ್ಪ ಗೆದ್ದ."

ಯಾರಿಗೂ ಏನು ಮಾಡಬೇಕೆಂದು ತಿಳಿಯಲಿಲ್ಲ. ವೈನಿಯ ತಾಳ ಅರ್ಧಕ್ಕೆ ನಿಂತಿತ್ತು. ಗೆದ್ದ ಹುಡುಗನೂ ಕಕ್ಕಾಬಿಕ್ಕಿಯಾಗಿದ್ದ. ಗೆದ್ದ ಮೇಲೆ ಹಾಡುವ ಪದ ಅವರಲ್ಲಿ ಯಾರ ಹತ್ತಿರವೂ ಇರಲಿಲ್ಲವೇನೋ. ಹಿಂದಿನಿಂದ ಯಾರೋ, "ಮುದಕಿ ಬಿದ್ದಳಲೇ," ಎಂದು ಕೂಗಿದರು. ಆಮೇಲೆ ಹಾಡಿಕೆ ನಡೆಯಿತು, ಆದರೆ ಜನ ಬೇಗ ಎದ್ದರು.

ಟೆಂಪೋ ಸವದತ್ತಿ ದಾಟಿತು. ವೈನಿ ಮುಂದಿನ ಸೀಟಿನಲ್ಲಿ ಮುಖ ತಿರುಗಿಸಿ ಕುಳಿತಿದ್ದರು. ನನಗೆ ತಡೆಯಲಾಗಲಿಲ್ಲ.

"ಎಮ್ಮಿ ಇತ್ತಲ್ಲ ಬೇ ಆಯಿ?"

"ಇತ್ತು. ನಾಲಿಗಿ ಮ್ಯಾಲ ಬಂದು ನಿಂತಿತ್ತು."

"ಮತ್ತ ಯಾಕ ಬಿಟ್ಟಿ?"

"ಅವರಪ್ಪ ಅಲ್ಲೇ ಕುಂತಿದ್ದ, ನೋಡಿಲ್ಲೇನು? ಅವನ ಜಲ್ಮಾನೆಲ್ಲಾ ಒಂದ ಎಮ್ಮಿಗೆ ಬರದ ಕೊಡ್ಲೇನು?"

"ಅಂದ್ರ ಕರುಣಾ ಬಂತು. ಕರುಣಾ ಬ್ಯಾರೆ, ಖರೆ ಬ್ಯಾರೆ," ಎಂದೆ. ಇದು ಒಳ್ಳೆಯ ಹೊಡೆತ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಆಯಿ ಸ್ಟೀಲ್ ಡಬ್ಬಿ ತೆಗೆದಳು, ಮುಚ್ಚಿದಳು. "ಕರುಣಾ ಬಂದಿದ್ರ ಸುಮ್ಮ ಬ್ಯಾರೆ ಪದಾ ಹಿಡೀತಿದ್ದೆ. ಅವ ಹೇಳಿದ್ದು ಖರೆ ಇತ್ತು, ಖರೆ ಅಂದೆ. ಎಮ್ಮಿ ಹಾಲ ಕೊಟ್ಟಿರಬೇಕು. ಕೂಸು ಯಾಕ ಅಳಾಕತ್ತೇತಿ ಅಂತ ಎದ್ದು ಬಂದು ನೋಡಿತೇನು? ನಾ ಹಾಲು ಕೇಳಿದ್ದಿಲ್ಲವಾ. ಕೈ ಕೇಳಿದ್ದೆ."

"ಇಷ್ಟು ಸಣ್ಣ ಫರಕು ಮಂದಿಗೆ ತಿಳೀತಿತ್ತೇನು?"

"ಮಂದಿಗೆ ತಿಳೀಲಿಲ್ಲಂದ್ರ ನನಗೂ ತಿಳೀಬಾರದೇನು?"

ನಾನು ಒಪ್ಪಲಿಲ್ಲ. ಎಮ್ಮೆ ಸರಿಯಾದ ಉತ್ತರವೇ ಎಂದು ಬೈಲಹೊಂಗಲ ಬರುವವರೆಗೆ ವಾದಿಸಿದೆ. ನಿಜ ಹೇಳಬೇಕೆಂದರೆ ನನಗೆ ಸಿಟ್ಟು ಬಂದಿತ್ತು. ಹೆಣ್ಣು ಹೆಚ್ಚು ಎನ್ನುವ ಕಡೆಯವರಲ್ಲಿ ನಾನೂ ಒಬ್ಬಳು. ನಮ್ಮ ಅತ್ಯುತ್ತಮ ಅಸ್ತ್ರವನ್ನು ಆಯಿ ಯಾರನ್ನೂ ಕೇಳದೆ ಎದುರು ಪಾಳೆಯಕ್ಕೆ ಕೊಟ್ಟು ಬಂದಿದ್ದಳು.

ಸುದ್ದಿ ನಮಗಿಂತ ಮೊದಲೇ ಊರು ಸೇರಿತ್ತು. ಮೇಳಕ್ಕೆ 'ಖರೆ ಐತಿ ಮ್ಯಾಳ' ಎಂದು ಹೆಸರು ಬಿತ್ತು. ಸಂತೆಯಲ್ಲಿ ಬದನೆಕಾಯಿ ಮಾರುವವಳು ವೈನಿಯನ್ನು ಕಂಡರೆ, "ನನ್ನ ಕಾಯಿ ತಾಜಾ ಅದಾವ್ರಿ, ಖರೆ ಐತಿ ಅನ್ರಿ, ನೀವಂತೂ ಲಗೂನ ಒಪ್ತೀರಿ," ಎಂದು ನಗುತ್ತಿದ್ದಳು. ಆ ಪ್ರಶ್ನೆಯನ್ನು ಆಯಿ ಮತ್ತೆ ಹಾಡಲಿಲ್ಲ. ಉತ್ತರ ಬಂದಾಗಿದೆ, ಇನ್ನು ಕೇಳುವುದು ಹೇಗೆ ಎನ್ನುತ್ತಿದ್ದಳು. ಆ ಪ್ರಶ್ನೆಯಿಲ್ಲದ ಮೇಳವನ್ನು ಯಾರೂ ಕರೆಯಲಿಲ್ಲ. ದೀಪಾವಳಿ ಕಳೆಯಿತು, ಎಲೆ-ಅಡಿಕೆ ಹಿಡಿದು ಒಬ್ಬರೂ ಆ ಕಟ್ಟೆ ಹತ್ತಲಿಲ್ಲ. ವೈನಿ ಹತ್ತಿ ಬಿಡಿಸುವ ಕೂಲಿಗೆ ಹೋಗತೊಡಗಿದರು.

ಒಂದು ಸಂಜೆ ವೈನಿ ಹೊಲದಿಂದ ಬಂದು, ಸೀಳಿದ ಬೆರಳುಗಳನ್ನು ಬಿಸಿನೀರಿನಲ್ಲಿ ಅದ್ದಿಕೊಂಡು ಒಳಗೆ ಕುಳಿತಿದ್ದರು. ನಾನು ಹೊರಗೆ ಆಯಿಯ ಎದುರಿಗೆ ಕುಳಿತು ಕೇಳಿದೆ: "ನಿನ್ನ ಖರೆ ನಿನಗ ಚಂದ ಬೇ ಆಯಿ. ಅದರ ಕೂಲಿ ವೈನಿ ಮಾಡಾಕತ್ತಾರ. ಆ ಪ್ರಶ್ನಿ ನಿನ್ನ ಒಬ್ಬಾಕಿದಿತ್ತೇನು? ಮ್ಯಾಳದ್ದಿತ್ತು. ಅವರನ್ನ ಒಂದ ಮಾತು ಕೇಳಿದೇನು?"

ಆಯಿಯ ಬಾಯಲ್ಲಿ ಇದಕ್ಕೆ ಹತ್ತು ತಿರುಗು ಪ್ರಶ್ನೆಗಳಿರುತ್ತವೆ ಎಂದು ನಾನು ತಯಾರಾಗಿದ್ದೆ. ಅವಳು ಬಹಳ ಹೊತ್ತು ಗಟಾರದ ಆಚೆ ನಮ್ಮ ಮನೆಯ ಬಾಗಿಲು ನೋಡಿದಳು.

"ಇದೂ ಖರೆ ಐತಿ," ಎಂದಳು.

ನಾನು 'ಆದರ' ಬರುತ್ತದೆಂದು ಕಾದೆ. ಬರಲಿಲ್ಲ... ವರ್ಷಗಟ್ಟಲೆ ಹಟ ಹಿಡಿದಿದ್ದೆನಲ್ಲ, ಆಯಿಯನ್ನು ಒಂದು ಮಾತಿಗಾದರೂ ಒಪ್ಪಿಸಬೇಕೆಂದು. ಒಪ್ಪಿಸಿದ್ದೆ. ಎದ್ದು ಮನೆಗೆ ಹೋಗಬೇಕೋ, ಅಲ್ಲೇ ಕೂತಿರಬೇಕೋ ತಿಳಿಯಲಿಲ್ಲ.

ಮರುದಿನ ಆಯಿ ಮೇಳದವರನ್ನೆಲ್ಲ ಕರೆಸಿ, ದಪ್ಪನ್ನು ವೈನಿಯ ಕೈಗೆ ಕೊಟ್ಟಳು. "ನಾ ಒಲ್ಲೆರಿ ಅತ್ತಿ. ನೀವು ಇರೂತನಾ ನಾ ಮುಂದ ನಿಂದ್ರಂಗಿಲ್ಲ," ಎಂದು ವೈನಿ ಹಿಂದೆ ಸರಿದರು. ಆಯಿ ಅವರ ಕೈಯಿಂದ ತಾಳ ಕಸಿದುಕೊಂಡು ಹಿಂದೆ ಹೋಗಿ ನಿಂತಳು. "ನೀ ಹೊಸಾ ಪ್ರಶ್ನಿ ಕಟ್ಟು. ಕೊಡೂದು ಬಿಡೂದು ನಿನಗ ಸೇರಿದ್ದು. ನಾ ಹಿಂದ ಗೀಯ್ ಅಂತೇನಿ." ಅಷ್ಟು ವರ್ಷ ಮುಂದೆ ನಿಂತವಳು ಹಿಮ್ಮೇಳದಲ್ಲಿ ನಿಂತು ಸೊಸೆಯ ಪದಕ್ಕೆ ದನಿಗೂಡಿಸುವುದನ್ನು ನಾನು ನಮ್ಮ ಹೊಸ್ತಿಲಿನಿಂದ ನೋಡಿದೆ. ವೈನಿಯ ದನಿ ನಡುಗುತ್ತಿತ್ತು. ಹಿಂದಿನ ದನಿ ಅದನ್ನು ಕೆಳಗಿನಿಂದ ಎತ್ತಿ ಹಿಡಿದಿತ್ತು.

ಕರೆಯುವವರು ಮೆಲ್ಲಗೆ ಮತ್ತೆ ಬರತೊಡಗಿದರು, ಮೊದಲಿನಷ್ಟಲ್ಲ. ನಾನು ಕಾನೂನು ಓದಲು ಧಾರವಾಡಕ್ಕೆ ಹೋದೆ. ಆಯಿ ನನಗೆ ವಕೀಲವ್ವ ಎಂದು ಹೆಸರಿಟ್ಟಳು. ರಜೆಗೆ ಬಂದಾಗಲೆಲ್ಲ ಕಟ್ಟೆಯಿಂದಲೇ ಓಣಿಗೆಲ್ಲ ಕೇಳುವಂತೆ ವಿಚಾರಿಸುತ್ತಿದ್ದಳು: "ಏನ್ ವಕೀಲವ್ವಾ, ನಿನ್ನ ಎಮ್ಮಿ ಇನ್ನೂ ಹಾಲ ಕೊಡಾಕತ್ತೇತೇನು?" ಹೂಲಿಯ ವಾದದಲ್ಲಿ ನಾನಿನ್ನೂ ಒಪ್ಪಿಲ್ಲವೇ ಎಂದು ಅದರ ಅರ್ಥ. ನಾನು, "ಎರಡೂ ಹೊತ್ತು ಕೊಡಾಕತ್ತೇತಿ ಬೇ ಆಯಿ," ಎನ್ನುತ್ತಿದ್ದೆ.

ಆ ಎಮ್ಮೆ ನಿಜವಾಗಿ ಯಾವಾಗ ಸತ್ತಿತೋ ನನಗೂ ಸರಿಯಾಗಿ ಗೊತ್ತಿಲ್ಲ. ಒಂದು ದಿನ ಧಾರವಾಡದ ಆಸ್ಪತ್ರೆಯ ಎದುರು ಬಸ್ಸಿಗೆ ನಿಂತಿದ್ದಾಗ ಒಬ್ಬ ಮನುಷ್ಯ ಅಳುವ ಕೂಸನ್ನು ಹೆಗಲಿನಿಂದ ಹೆಗಲಿಗೆ ಬದಲಿಸುತ್ತ, ತಪ್ಪು ರಾಗದಲ್ಲಿ ಏನೋ ಗುನುಗುತ್ತಿದ್ದ. ಹಾಲಿನ ಬಾಟಲಿ ಕೊಟ್ಟರೆ ಕೂಸು ಬಾಯಿ ತಿರುಗಿಸುತ್ತಿತ್ತು, ಅಳು ಅದಕ್ಕಲ್ಲ. ಹಾಲು ಬೇರೆ, ಕೈ ಬೇರೆ ಎಂದು ನನಗೆ ಆಗ ಹೊಳೆಯಿತು ಎಂದು ಬರೆದರೆ ಚೆನ್ನಾಗಿರುತ್ತದೆ. ಆದರೆ ನನಗೆ ಅನುಮಾನ. ಅದು ನನಗೆ ಟೆಂಪೋದಲ್ಲೇ ಗೊತ್ತಾಗಿತ್ತೇನೋ... ಗೊತ್ತಾಗುವುದು ಒಂದು, ಬಾಯಿ ಬಿಟ್ಟು ಹೇಳುವುದು ಇನ್ನೊಂದು.

ಕೊನೆಯ ಸಲ ನೋಡಿದಾಗ ಆಯಿ ಕಟ್ಟೆಯ ಮೇಲೆ ಹೊರಸು ಹಾಕಿಸಿಕೊಂಡು ಮಲಗಿದ್ದಳು. ದನಿ ಪೂರಾ ಇಳಿದಿತ್ತು. ನನ್ನನ್ನು ಕಂಡು ಬೆರಳಾಡಿಸಿ ಹತ್ತಿರ ಕರೆದಳು. "ಎಮ್ಮಿ?" ಎಂದಳು. ಅಷ್ಟೇ. ನಾನು ಎಂದಿನಂತೆ, "ಕೊಡಾಕತ್ತೇತಿ ಬೇ," ಎಂದೆ. "ಗಟ್ಟಿ ಎಮ್ಮಿ," ಎಂದು ನಕ್ಕಳು, ನಗು ಕೆಮ್ಮಾಯಿತು. ವೈನಿ ನೀರು ತಂದರು. ನಾನು ಮರುದಿನದ ಬಸ್ಸಿಗೆ ಧಾರವಾಡಕ್ಕೆ ಹೋದೆ. ಪರೀಕ್ಷೆ ಮುಗಿಸಿ ಬರುವಷ್ಟರಲ್ಲಿ ಕಟ್ಟೆ ಬರಿದಾಗಿತ್ತು.

ಕಿತ್ತೂರಿನಲ್ಲಿ ಆ ಬೆಂಕಿಯ ಹತ್ತಿರ ಬೆನ್ನು ತಿರುಗಿಸಿ ಕುಳಿತಿದ್ದವರು ವೈನಿಯೇ. ಅಲ್ಲೇ ಸಮೀಪದ ಹಳ್ಳಿಯೊಂದರಲ್ಲಿ ಹಾಡಿಕೆ ಇತ್ತು, ಕರೆದೊಯ್ಯುವ ಗಾಡಿಗೆ ಮೇಳ ಕಾಯುತ್ತಿತ್ತು. ಬೆಂಕಿಯ ಪಕ್ಕ ನನಗೂ ಜಾಗ ಮಾಡಿಕೊಟ್ಟರು. ಊರ ಮಾತು, ಮನೆಯ ಮಾತು ಮುಗಿದ ಮೇಲೆ ಆಯಿಯ ಮಾತು ಬಂತು.

"ಅತ್ತಿಯವರು ಅವತ್ತ ಎಮ್ಮಿ ಹಾಡಬೇಕಿತ್ತು ತಂಗಿ," ಎಂದರು ವೈನಿ, ಬೆಂಕಿಗೆ ಇನ್ನೊಂದು ಕಾಗದ ಹಾಕುತ್ತ. "ನಾ ಈಗೂ ಹಂಗ ಅಂತೇನಿ. ನಾನಾಗಿದ್ರ ಬಿಡ್ತಿದ್ದಿಲ್ಲ."

"ಎಮ್ಮಿ ಹಾಲ ಕೊಡ್ತದ್ರಿ ವೈನಿ," ಎಂದೆ ನಾನು. "ಕೂಸು ಅತ್ತರ ಎದ್ದು ಬಂದು ನೋಡ್ತದೇನ್ರಿ? ಆಯಿ ಕೇಳಿದ್ದು ಹಾಲಲ್ಲ, ಕೈ."

ವೈನಿ ದಪ್ಪನ್ನು ಬೆಂಕಿಯಿಂದ ಹಿಂದೆ ತೆಗೆದು ನನ್ನ ಮುಖ ನೋಡಿದರು. "ಇದು ಅವರ ಮಾತು."

"ಹೌದ್ರಿ."

"ಹಂಗಿದ್ರ ಅವರಿದ್ದಾಗ ಯಾಕ ಹೇಳಲಿಲ್ಲ?"

ಈಗ ಅವರು ಮೇಳದ ಮುಂದಾಳು; ಪ್ರಶ್ನೆಯನ್ನು ಎಲ್ಲಿ ಇಡಬೇಕೆಂದು ಅವರಿಗೆ ಚೆನ್ನಾಗಿ ಗೊತ್ತಿದೆ. ನನ್ನ ತಲೆ ಅಭ್ಯಾಸದಂತೆ ಓಡಿತು. ನಾನು ಊರಲ್ಲಿರಲಿಲ್ಲ, ಓದು ಇತ್ತು ಎನ್ನಬಹುದಿತ್ತು. ನೀವಾದರೂ ಈಗಲೂ ಎಲ್ಲಿ ಒಪ್ಪಿದ್ದೀರಿ ಎಂದು ತಿರುಗಿ ಕೇಳಬಹುದಿತ್ತು. ಒಪ್ಪಿಬಿಟ್ಟರೆ ಜಗಳ ಮುಗಿಯುತ್ತದೆ, ಜಗಳ ಮುಗಿದರೆ ಆ ಕಟ್ಟೆಗೆ ಹೋಗಲು ನೆಪವೇ ಇರುವುದಿಲ್ಲ ಎಂದು ಅಂಜಿದ್ದೆ ಎನ್ನಬಹುದಿತ್ತು. ಈ ಕೊನೆಯದು ಬಹಳ ಚೆನ್ನಾಗಿತ್ತು. ಅಷ್ಟು ಚೆನ್ನಾಗಿದ್ದುದರಿಂದಲೇ ನನಗೆ ಅದರ ಮೇಲೆ ನಂಬಿಕೆ ಬರಲಿಲ್ಲ.

"ಹೇಳಬೇಕಿತ್ರಿ ವೈನಿ. ನೀವು ಅನ್ನೂದು ಖರೆ ಐತಿ," ಎಂದೆ.

ವೈನಿ ಇನ್ನೊಂದು ಮಾತು ಬರುತ್ತದೆಂದು ಕಾಯುತ್ತಿದ್ದರೇನೋ. ಬರಲಿಲ್ಲ. ದಪ್ಪನ್ನು ಕಿವಿಯ ಹತ್ತಿರ ತಂದು ಬೆರಳಿನಿಂದ ಒಮ್ಮೆ ತಟ್ಟಿದರು. ದನಿ ಬಿಗಿಯಾಗಿ ಎದ್ದಿತು. ಆಯಿ ಇದ್ದಿದ್ದರೆ ಒಂದು ಚಿಟಿಕೆ ತಪಕೀರು ತೆಗೆದುಕೊಂಡು, ಎಮ್ಮೆ ಕಳೆದುಕೊಂಡ ವಕೀಲವ್ವನಿಗೆ ಓಣಿಯೆಲ್ಲ ಕೇಳುವಂತೆ ಸಮಾಧಾನ ಹೇಳುತ್ತಿದ್ದಳು. ನಾನು ಸಂಕೋಚಪಡುತ್ತಿದ್ದೆ. ಆ ಸಂಕೋಚವನ್ನು ಅವಳಿದ್ದಾಗಲೇ ಪಟ್ಟಿದ್ದರೆ...

ಬೈಲಹೊಂಗಲದ ಬಸ್ಸು ಬಂತು. ಹತ್ತಿ ಕುಳಿತ ಮೇಲೂ ಬಟ್ಟೆಯಲ್ಲಿ ಕಾದ ಚರ್ಮದ ವಾಸನೆ ಇತ್ತು.